ರೊಟ್ಟಿ, ಒಗ್ಗರಣಿ, ಮಿರ್ಚಿ, ಪುಂಡಿಪಲ್ಲೆ: ನೀರು ತಪ್ಪಿದಲ್ಲೇ ಫಜೀತಿ (ನನ್ನ ಅನುಭವ)

ರೊಟ್ಟಿ ಬಿರಿದರೆ ಹಿಟ್ಟಿನ ಮೇಲೆ ದೂರು, ಒಗ್ಗರಣಿ ಮುದ್ದೆಯಾದರೆ ಮಂಡಕ್ಕಿಯ ಮೇಲೆ, ಬೇಳೆ ಬೇಯದಿದ್ದರೆ ಅಂಗಡಿಯವನ ಮೇಲೆ. ನಮ್ಮ ಕೊಪ್ಪಳ, ಗಂಗಾವತಿ ಕಡೆಯ ಮನೆ ಅಡುಗೆಯಲ್ಲಿ ಆಗುವ ಫಜೀತಿಗಳನ್ನು ಒಂದೊಂದಾಗಿ ಹಿಡಿದು ನೋಡಿದರೆ ಹೆಚ್ಚಿನವಕ್ಕೆ ಕಾರಣ ನೀರು. ಎಷ್ಟು ನೀರು, ಎಷ್ಟು ಬಿಸಿ, ಯಾವ ಹೊತ್ತಿಗೆ, ಎಂಥ ನೀರು ಅನ್ನುವುದನ್ನು ಸರಿಮಾಡಿಕೊಂಡ ಮೇಲೆ ನನ್ನ ಕೈಯಲ್ಲಿ ಕೆಡುವ ಅಡುಗೆ ಬಹಳ ಕಡಿಮೆಯಾಗಿದೆ. ಕೆಳಗಿನ ಅಳತೆಗಳೆಲ್ಲ 4 ಮಂದಿಗೆ. ಲೋಟ ಅಂದರೆ 200 ಮಿಲಿ.

ಮೊದಲು ಜೋಳದ ರೊಟ್ಟಿ. ಗೋದಿಹಿಟ್ಟಿಗೆ ತಣ್ಣೀರು ಹಾಕಿ ನಾದಿದರೂ ಅದು ಎಳೆ ಹಿಡಿದುಕೊಳ್ಳುತ್ತದೆ, ಯಾಕೆಂದರೆ ಅದರಲ್ಲಿ ಗ್ಲುಟೆನ್ ಇದೆ. ಜೋಳದಲ್ಲಿ ಅದಿಲ್ಲ. ಜೋಳದ ಹಿಟ್ಟನ್ನು ಕಟ್ಟಿ ಹಿಡಿಯುವುದು ಬೆಂದ ಪಿಷ್ಟದ ಅಂಟು, ನಾವು ಜಿಗಿ ಅನ್ನುವುದು ಅದನ್ನೇ. ಹಾಗಾಗಿ ಎಸರು ಕುದಿಯಲೇಬೇಕು. ಬಿಸಿಯಾದರೆ ಸಾಕು ಎಂದು ಅರ್ಧ ಕಾದ ನೀರನ್ನು ಹುಯ್ದರೆ ಪಿಷ್ಟ ಬೇಯುವುದಿಲ್ಲ, ಆಮೇಲೆ ಎಷ್ಟು ನಾದಿದರೂ ಜಿಗಿ ಬರುವುದಿಲ್ಲ.

ಅರ್ಧ ಕಿಲೊ ಹಿಟ್ಟಿಗೆ ನಾನು 300 ಮಿಲಿ ನೀರನ್ನು ಅರ್ಧ ಚಮಚ ಉಪ್ಪು ಹಾಕಿ ಕುದಿಸುತ್ತೇನೆ. ಪರಾತದಲ್ಲಿ ಹಿಟ್ಟು ಹಾಕಿ, ನಡುವೆ ಕುಣಿ ಮಾಡಿ, ಕುದಿಯುವ ಎಸರನ್ನು ಅದರಲ್ಲಿ ಹುಯ್ದು, ಸುತ್ತಲಿನ ಒಣ ಹಿಟ್ಟನ್ನು ಮೇಲೆಳೆದು ಮುಚ್ಚಿ 5 ನಿಮಿಷ ಹಾಗೇ ಬಿಡುತ್ತೇನೆ. ಆಮೇಲೆ ಚಮಚದಿಂದ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ನಾದಲು ಶುರು. ಈ ಹಂತದಲ್ಲಿ ತಣ್ಣೀರು, ಅದೂ ಅಂಗೈ ತೋಯಿಸಿಕೊಂಡು ಸ್ವಲ್ಪ ಸ್ವಲ್ಪ, ಒಟ್ಟು 100ರಿಂದ 150 ಮಿಲಿ. ಹಿಟ್ಟನ್ನೆಲ್ಲ ಒಟ್ಟಿಗೆ ನಾದಿಡಬಾರದು. ಒಂದು ರೊಟ್ಟಿಗೆ ಆಗುವಷ್ಟು, ಸುಮಾರು 90 ಗ್ರಾಂ ಉಂಡಿಯನ್ನು ಬಿಡಿಸಿಕೊಂಡು, ಬಡಿಯುವ ಮುಂಚೆ ಒಂದು ನಿಮಿಷ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ಈ ಅಳತೆಗೆ 9ರಿಂದ 10 ರೊಟ್ಟಿ ಆಗುತ್ತವೆ.

ಬಡಿಯುವಾಗ ಅಂಚನ್ನೇ ನೋಡುತ್ತಿರಬೇಕು. ಎಡಗೈ ಅಂಚಿಗೆ ಆನಿಸಿಕೊಂಡು ಬಲ ಅಂಗೈಯಿಂದ ತಟ್ಟುತ್ತ ತಿರುಗಿಸುವಾಗ ರೊಟ್ಟಿ ತಾನೇ ಸುತ್ತುತ್ತದೆ. ಅದು ಇನ್ನೂ ಅಂಗೈಯಗಲ ಇರುವಾಗಲೇ ಅಂಚು ಬಿರಿದರೆ ನಾದಿದ್ದು ಸಾಲದು ಅಂತಲೇ ಅರ್ಥ. ಮುದ್ದೆ ಮಾಡಿ, ಕೈ ತೋಯಿಸಿಕೊಂಡು ಮತ್ತೆ ನಾದಬೇಕು. ತಟ್ಟೆಯಗಲ ಆದಮೇಲೆ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಂದರೆ ಅದು ಕೆಳಗೆ ಉದುರಿಸಿದ ಒಣ ಹಿಟ್ಟು ಹೆಚ್ಚಾದದ್ದರ ಗುರುತು. ತೋಯ್ದ ಬೆರಳಿನಿಂದ ಎರಡೂ ಕಡೆಯ ಹಿಟ್ಟನ್ನು ಕೂಡಿಸಿ ಒತ್ತಿದರೆ ಸಾಕು. ಬಿರುಕು ನಡುವಿನಲ್ಲೇ ಬಂದರೆ ಹಿಟ್ಟು ಹಳೆಯದು. ಬೀಸಿ 15 ದಿನ ದಾಟಿದ ಹಿಟ್ಟಿನಲ್ಲಿ ಜಿಗಿ ಇಳಿಯುತ್ತ ಹೋಗುತ್ತದೆ, ಬೇಸಿಗೆಯಲ್ಲಂತೂ ಇನ್ನೂ ಬೇಗ. ಹಳೆ ಹಿಟ್ಟಿಗೆ ಎಸರಿನ ಪಾಲನ್ನು 300ರಿಂದ 350 ಮಿಲಿಗೆ ಏರಿಸಿ, ತಣ್ಣೀರು ಕಡಿಮೆ ಮಾಡುತ್ತೇನೆ. ಮುಂದಿನ ಸಲ ಬೀಸಿಸುವಾಗ 5 ಕಿಲೊ ಜೋಳಕ್ಕೆ ಒಂದು ಹಿಡಿ ಉದ್ದಿನಬೇಳೆ ಕೂಡಿಸಿದರೆ ಜಿಗಿ ಹೆಚ್ಚು ದಿನ ನಿಲ್ಲುತ್ತದೆ. ಗಿರಣಿಯಿಂದ ತಂದ ಬಿಸಿ ಹಿಟ್ಟನ್ನು ಹಾಗೇ ಡಬ್ಬಿಗೆ ತುಂಬಿ ಮುಚ್ಚಬೇಡಿ. ಒಳಗೆ ಬೆವರಿ ಗಂಟು ಕಟ್ಟುತ್ತದೆ, ಮುಗ್ಗಲು ವಾಸನೆ ಹಿಡಿಯುತ್ತದೆ. ಪೇಪರಿನ ಮೇಲೆ ಹರವಿ ಆರಿಸಿ ಆಮೇಲೆ ತುಂಬಿ.

ಜೋಳವೂ ನೋಡಿ ತರಬೇಕು. ಎರೆಹೊಲದಲ್ಲಿ ಹಿಂಗಾರಿಗೆ ಬೆಳೆದ ಬಿಳಿಜೋಳ, ಅದರಲ್ಲೂ ಮಾಲದಂಡಿ ತಳಿ ಸಿಕ್ಕರೆ ನಾನು ಬೇರೆಯದನ್ನು ಮುಟ್ಟುವುದಿಲ್ಲ. ಮುಂಗಾರಿನ ಹೈಬ್ರೀಡ್ ಜೋಳದ ರೊಟ್ಟಿ ಆರಿದ ಕೂಡಲೇ ಬಿರುಸಾಗುತ್ತದೆ, ರುಚಿಯಲ್ಲೂ ಸಪ್ಪೆ.

ಹಂಚಿನ ಮೇಲೂ ನೀರಿನದೇ ಲೆಕ್ಕ. ನಾಲ್ಕು ಹನಿ ಚಿಮುಕಿಸಿದಾಗ ಚುರ್ ಎಂದು ಅಲ್ಲೇ ಆರಿದರೆ ಹಂಚು ಹದಕ್ಕೆ ಬಂದಿದೆ. ಹನಿ ಸುಮ್ಮನೆ ಕುಳಿತರೆ ಇನ್ನೂ ಕಾಯಬೇಕು, ಮಣಿಯಂತೆ ಉರುಳಾಡಿ ಓಡಿದರೆ ಅತಿಯಾಗಿ ಕಾದಿದೆ, ಉರಿ ತಗ್ಗಿಸಬೇಕು. ಹಿಟ್ಟು ಹತ್ತಿದ ಬದಿ ಮೇಲೆ ಬರುವಂತೆ ರೊಟ್ಟಿ ಹಾಕಿ, ಹತ್ತು ಎಣಿಸುವುದರೊಳಗೆ ತೋಯ್ದ ಅರಿವೆಯನ್ನು ಮೇಲೆಲ್ಲ ಆಡಿಸಬೇಕು. ತಡಮಾಡಿದರೆ ಮೇಲಿನ ಹಿಟ್ಟು ಒಣಗಿ ಬೆಳ್ಳಗೆ ಬಿರಿಯುತ್ತದೆ, ಆ ಬಿರುಕಿನಿಂದ ಉಗಿ ಹೊರಗೆ ಹೋಗಿ ರೊಟ್ಟಿ ಉಬ್ಬುವುದೇ ಇಲ್ಲ. ನೀರು ಸವರಿದ ಹೊಳಪು ಆರುವ ಮುಂಚೆ ಮಗುಚಿದರೆ ರೊಟ್ಟಿ ಹಂಚಿಗೆ ಅಂಟಿ ಕಿತ್ತುಬರುತ್ತದೆ. ಹೊಳಪು ಹೋಗಿ ಮೇಲ್ಮೈ ಮಂಕಾದ ಆ ಗಳಿಗೆಯೇ ಮಗುಚುವ ಹೊತ್ತು. ಇದೊಂದನ್ನು ಕಣ್ಣಿಗೆ ರೂಢಿ ಮಾಡಿಕೊಂಡರೆ ಅರ್ಧ ರೊಟ್ಟಿ ಕಲಿತ ಹಾಗೆ. ಎರಡನೆಯ ಬದಿ ಬೆಂದ ಮೇಲೆ ಮೊದಲ ಬದಿಯನ್ನು ನೇರ ಉರಿಗೆ ಹಿಡಿದರೆ ರೊಟ್ಟಿ ಉಬ್ಬುತ್ತದೆ.

ಇನ್ನು ಮಂಡಕ್ಕಿ ಒಗ್ಗರಣಿ. ಬಳ್ಳಾರಿಯಿಂದ ಕೊಪ್ಪಳದವರೆಗೆ ಮುಂಜಾನೆಯ ನಾಷ್ಟಾಕ್ಕೆ ಇದೇ ಮೊದಲು. ಇದರಲ್ಲಿ ಆಗುವ ಫಜೀತಿ ಒಂದೇ ಥರದ್ದು: ಮಂಡಕ್ಕಿಯನ್ನು ಮೊದಲೇ ತೋಯಿಸಿ ಹಿಂಡಿಟ್ಟು, ಆಮೇಲೆ ಉಳ್ಳಾಗಡ್ಡಿ ಹೆಚ್ಚಲು ಕೂರುವುದು. ಒಗ್ಗರಣಿ ಆಗುವಷ್ಟರಲ್ಲಿ ಮಂಡಕ್ಕಿ ಒಂದಕ್ಕೊಂದು ಅಂಟಿಕೊಂಡು ಉಂಡಿಯಾಗಿರುತ್ತದೆ, ಸೌಟು ಹಾಕಿದರೆ ಗಂಟು ಗಂಟಾಗಿಯೇ ಏಳುತ್ತದೆ. ನಾನು ಒಗ್ಗರಣಿ ಪೂರ್ತಿ ಮುಗಿಸಿ, ಉರಿ ಸಣ್ಣ ಮಾಡಿದ ಮೇಲೆಯೇ ಮಂಡಕ್ಕಿಗೆ ನೀರು ತೋರಿಸುತ್ತೇನೆ.

ಮಂಡಕ್ಕಿ 200 ಗ್ರಾಂ, ತೂಕಕ್ಕೆ ಕಡಿಮೆ ಕಂಡರೂ ದೊಡ್ಡ ಪಾತ್ರೆ ತುಂಬುತ್ತದೆ. ಎಣ್ಣೆ 4 ದೊಡ್ಡ ಚಮಚ, ಸಾಸಿವೆ, ಜೀರಿಗೆ, ಒಂದು ಹಿಡಿ ಶೇಂಗಾ, ಕರಿಬೇವು, ಜಜ್ಜಿದ ಹಸಿಮೆಣಸಿನಕಾಯಿ 6, ಉಳ್ಳಾಗಡ್ಡಿ 2, ಟೊಮ್ಯಾಟೊ 1, ಅರಿಶಿಣ ಅರ್ಧ ಚಮಚ. ಶೇಂಗಾ ಮೊದಲು ಹುರಿದು ಕೆಂಪಾದ ಮೇಲೆಯೇ ಉಳಿದದ್ದು ಹಾಕಬೇಕು. ಜಜ್ಜಿದ ಮೆಣಸಿನಕಾಯಿ ಎಣ್ಣೆಗೆ ಬಿದ್ದಾಗ ಘಾಟು ಏಳುತ್ತದೆ, ಕಿಟಕಿ ತೆರೆದಿಡದಿದ್ದರೆ ಮನೆಮಂದಿಯೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಬೇಕಾಗುತ್ತದೆ. ಉಳ್ಳಾಗಡ್ಡಿ ಜೊತೆಗೇ ಹಾಕಿದರೆ ಘಾಟು ಅರ್ಧಕ್ಕಿಳಿಯುತ್ತದೆ.

ಟೊಮ್ಯಾಟೊ ಮೆತ್ತಗಾದ ಮೇಲೆ ಮಂಡಕ್ಕಿಯನ್ನು ಎರಡು ಮೂರು ಕಂತಿನಲ್ಲಿ ನೀರಿಗೆ ಹಾಕಿ, 5 ಎಣಿಸುವುದರೊಳಗೆ ತೆಗೆದು, ಎರಡೂ ಕೈಯಿಂದ ಹಿಂಡಿ ನೇರ ಬಾಂಡ್ಲಿಗೆ ಹಾಕಬೇಕು. ಮೇಲೆ ಪುಟಾಣಿ (ಹುರಿಗಡಲೆ) ಪುಡಿ 4 ಚಮಚ. ಈ ಪುಡಿ ರುಚಿಗೆ ಮಾತ್ರ ಅಲ್ಲ, ಮಂಡಕ್ಕಿಯಲ್ಲಿ ಉಳಿದ ನೀರನ್ನು ಅದೇ ಹೀರಿಕೊಂಡು ಕಾಳು ಬಿಡಿಬಿಡಿಯಾಗಿ ಇಡುತ್ತದೆ. ಹಾಗಾಗಿ ನೀರು ಹೆಚ್ಚಾಯಿತು ಅನ್ನಿಸಿದರೆ ಇನ್ನೆರಡು ಚಮಚ ಪುಡಿ ಹಾಕಿ, ಉರಿ ಹೆಚ್ಚಿಸಬೇಡಿ. ಉರಿ ಹೆಚ್ಚಿಸಿ ಕೈಯಾಡಿಸಿದಷ್ಟೂ ಅದು ಮುದ್ದೆಯಾಗುತ್ತದೆ. ಉಪ್ಪನ್ನು ಕೊನೆಗೆ, ಮಂಡಕ್ಕಿಯ ರುಚಿ ನೋಡಿಯೇ ಹಾಕುವುದು. ಭಟ್ಟಿಯಲ್ಲಿ ಹುರಿಯುವ ಮುಂಚೆ ಅಕ್ಕಿಗೇ ಉಪ್ಪುನೀರು ಕೊಟ್ಟಿರುತ್ತಾರೆ. ಒಲೆ ಆರಿಸಿದ ಮೇಲೆ ಒಂದು ಲಿಂಬೆಹಣ್ಣಿನ ರಸ.

ಒಗ್ಗರಣಿಯ ಪಕ್ಕ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ ಇಲ್ಲದಿದ್ದರೆ ನಮ್ಮ ಕಡೆ ತಟ್ಟೆ ತುಂಬುವುದಿಲ್ಲ. 12 ಉದ್ದನೆಯ ತಿಳಿಹಸಿರು ಮೆಣಸಿನಕಾಯಿ ತೊಳೆದು ಅರಿವೆಯಲ್ಲಿ ಪೂರ್ತಿ ಒರೆಸಬೇಕು. ತೊಟ್ಟು ಬಿಟ್ಟು ಒಂದು ಬದಿ ಉದ್ದಕ್ಕೆ ಸೀಳಿ, ಗಟ್ಟಿ ಹುಣಸೆಹುಳಿ, ಅಜವಾನದ ಪುಡಿ, ಉಪ್ಪು ಕಲಸಿ ಒಳಗೆ ತೆಳ್ಳಗೆ ಸವರಬೇಕು. ಸೀಳದೆ ಇಡಿಯಾಗಿ ಕರಿದರೆ ಒಳಗಿನ ಗಾಳಿ, ನೀರು ಉಗಿಯಾಗಿ ದಾರಿ ಸಿಗದೆ ಮೆಣಸಿನಕಾಯಿ ಟಪ್ ಎಂದು ಸಿಡಿಯುತ್ತದೆ, ಬಿಸಿ ಎಣ್ಣೆ ಮುಖಕ್ಕೇ ಹಾರುತ್ತದೆ. ಇದರಲ್ಲಿ ಉದಾಸೀನ ಬೇಡ. ಹೊರಗೆ ಒಂದು ಹನಿ ನೀರಿದ್ದರೂ ಹಿಟ್ಟು ಜಾರಿ, ಮೆಣಸಿನಕಾಯಿ ಒಂದು ಕಡೆ, ಹಿಟ್ಟಿನ ಕೊಳವೆ ಇನ್ನೊಂದು ಕಡೆ ತೇಲುತ್ತವೆ.

ಕಡಲೆಹಿಟ್ಟು 200 ಗ್ರಾಂ, ಅಕ್ಕಿಹಿಟ್ಟು 2 ಚಮಚ, ಅಜವಾನ ಅರ್ಧ ಚಮಚ, ಉಪ್ಪು, ಅಡುಗೆ ಸೋಡಾ ಕಾಲು ಚಮಚದ ಒಳಗೆ. ನೀರನ್ನು ಮೊದಲು 150 ಮಿಲಿ ಹಾಕಿ ಗಂಟಿಲ್ಲದಂತೆ ಕಲಸಿ, ಆಮೇಲೆ ಚಮಚ ಚಮಚವಾಗಿ ಕೂಡಿಸುತ್ತ ಹೋಗಬೇಕು. ಬೆರಳು ಅದ್ದಿ ಎತ್ತಿದರೆ ಬೆರಳಿನ ಬಣ್ಣ ಕಾಣಬಾರದು, ಹಿಟ್ಟು ನಿಧಾನವಾಗಿ ಒಂದು ಧಾರೆಯಾಗಿ ಇಳಿಯಬೇಕು. ಹಿಟ್ಟಿಗೆ ಅರಿಶಿಣ ಹಾಕುವವರು ಸೋಡಾ ಹೆಚ್ಚು ಹಾಕಿದರೆ ಕೂಡಲೇ ಗೊತ್ತಾಗುತ್ತದೆ: ಅರಿಶಿಣ ಸೋಡಾಕ್ಕೆ ತಾಗಿ ಹಿಟ್ಟಿನಲ್ಲಿ ಕೆಂಪು ಕಲೆ ಏಳುತ್ತದೆ. ಸೋಡಾ ಹೆಚ್ಚಾದ ಮಿರ್ಚಿ ಎಣ್ಣೆ ಕುಡಿಯುತ್ತದೆ, ಬಾಯಲ್ಲಿ ಸಾಬೂನಿನ ರುಚಿ ಉಳಿಯುತ್ತದೆ. ಒಂದು ಹನಿ ಹಿಟ್ಟು ಬಿಟ್ಟಾಗ ತಳ ಮುಟ್ಟಿ ಎರಡು ಮೂರು ಎಣಿಸುವುದರೊಳಗೆ ಮೇಲೆ ಬಂದರೆ ಎಣ್ಣೆ ಕಾದಿದೆ. ಒಂದು ಸಲಕ್ಕೆ ನಾಲ್ಕಕ್ಕಿಂತ ಹೆಚ್ಚು ಬಿಡಬಾರದು, ಎಣ್ಣೆ ತಣ್ಣಗಾಗುತ್ತದೆ.

ಹುಳಿ ರುಚಿಯ ಪುಂಡಿ ಸೊಪ್ಪಿನ (ಗೋಂಗುರ) ಪುಂಡಿಪಲ್ಲೆಯಲ್ಲಿ ನೀರಿನ ಅಳತೆಗಿಂತ ಗುಣ ದೊಡ್ಡದು. ನಮ್ಮ ಬೋರಿನ ನೀರು ಗಡಸು, ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ನೀರು. ಅದರಲ್ಲಿರುವ ಸುಣ್ಣದ ಅಂಶ ಬೇಳೆಯ ಕೋಶಗಳ ಗೋಡೆಯನ್ನು ಬಿಗಿ ಮಾಡುತ್ತದೆ, ಕುಕ್ಕರಿನಲ್ಲಿ 6 ಸೀಟಿ ಕೂಗಿಸಿದರೂ ತೊಗರಿಬೇಳೆ ಕಾಳು ಕಾಳಾಗಿಯೇ ಉಳಿಯುತ್ತದೆ. ಹುಳಿಯೂ ಅದೇ ಕೆಲಸ ಮಾಡುತ್ತದೆ. ಬೇಳೆ, ಪುಂಡಿ ಸೊಪ್ಪು ಎರಡನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ, ಸೊಪ್ಪು ಕರಗಿ ಬೇಳೆ ಕಲ್ಲಾಗಿ ಕುಳಿತಿದ್ದನ್ನು ಎಷ್ಟೋ ಮನೆಗಳಲ್ಲಿ ನೋಡುತ್ತೇವೆ. ನಾನು ಬೇಳೆಗೆ ಮಾತ್ರ ಫಿಲ್ಟರ್ ನೀರು ಇಲ್ಲವೇ ನಳದ ಹೊಳೆನೀರು ಬಳಸುತ್ತೇನೆ. ಬೋರಿನ ನೀರೇ ಗತಿ ಅಂದಾಗ ಒಂದು ಚಿಟಿಕೆ ಸೋಡಾ ಸಾಕು. ಅಂಥ ಬೇಳೆಗೆ ಸೊಪ್ಪು ಹಾಕಿದ ಕೂಡಲೇ ಹುಳಿ ತಾಗಿ ನೊರೆ ಏಳುತ್ತದೆ, ಪಾತ್ರೆ ಅರ್ಧ ಖಾಲಿ ಇರಲಿ.

100 ಗ್ರಾಂ ತೊಗರಿಬೇಳೆ ಮೊದಲು ಮೆತ್ತಗೆ ಬೇಯಬೇಕು, ಬೆರಳಲ್ಲಿ ಒತ್ತಿದರೆ ನುಣ್ಣಗಾಗಬೇಕು. ಅಷ್ಟರಲ್ಲಿ 50 ಗ್ರಾಂ ಜೋಳದ ನುಚ್ಚನ್ನು ಅರ್ಧ ಗಂಟೆ ನೆನೆಸಿಡಬೇಕು. ಬಿಡಿಸಿದ ಸೊಪ್ಪು 250 ಗ್ರಾಂ ತೊಳೆದು, 8 ಹಸಿಮೆಣಸಿನಕಾಯಿ ಜೊತೆ ಒಂದು ಲೋಟ ನೀರಿನಲ್ಲಿ ಕುದಿಸಿದರೆ 5 ನಿಮಿಷಕ್ಕೆ ಮೆತ್ತಗಾಗುತ್ತದೆ. ಹಸಿರು ಹೋಗಿ ಕಂದು ಬಣ್ಣ ಬಂದರೆ ಗಾಬರಿ ಬೇಡ, ಹುಳಿ ಸೊಪ್ಪಿನ ಗುಣವೇ ಅದು. ಹುಳಿ ಬಹಳ ಅನ್ನಿಸಿದರೆ ಆ ನೀರನ್ನು ಅರ್ಧ ಬಸಿದುಬಿಡಿ. ಬೇಳೆ, ಸೊಪ್ಪು ಕೂಡಿಸಿ ಮಸೆದು, ಎರಡು ಲೋಟ ನೀರು ಸೇರಿಸಿ, ಕುದಿ ಬಂದ ಮೇಲೆ ನುಚ್ಚನ್ನು ಒಂದು ಕೈಯಿಂದ ಉದುರಿಸುತ್ತ ಇನ್ನೊಂದು ಕೈಯಿಂದ ತಿರುವಬೇಕು. ಒಮ್ಮೆಗೇ ಸುರಿದರೆ ಗಂಟಾಗಿ, ಹೊರಗೆ ಬೆಂದು ಒಳಗೆ ಹಸಿ ಉಳಿಯುತ್ತದೆ. ಸಣ್ಣ ಉರಿಯಲ್ಲಿ 15 ನಿಮಿಷ, ತಳ ಹತ್ತದಂತೆ ಕೈಯಾಡಿಸುತ್ತಿರಬೇಕು. ಕೊನೆಗೆ 10 ಎಸಳು ಬೆಳ್ಳುಳ್ಳಿ ಜಜ್ಜಿ ಒಗ್ಗರಣಿ. ಕಬ್ಬಿಣದ ಬಾಂಡ್ಲಿಯಲ್ಲಿ ಮಾಡಿದರೆ ಪಲ್ಲೆ ಕಪ್ಪಾಗುತ್ತದೆ, ಅಲ್ಯೂಮಿನಿಯಂ ಹುಳಿಗೆ ಒಳ್ಳೆಯದಲ್ಲ. ಸ್ಟೀಲು ಇಲ್ಲವೇ ಮಣ್ಣಿನ ಗಡಿಗೆ ಸರಿ.

ಅನ್ನದ್ದು ಒಂದೇ ಮಾತು. ಸುಗ್ಗಿ ಮುಗಿದು ಗಂಗಾವತಿ, ಸಿಂಧನೂರು ಕಡೆಯ ಹೊಸ ಸೋನಾಮಸೂರಿ ಬಂದಾಗ ಲೋಟಕ್ಕೆ 2 ಲೋಟ ನೀರು ಸಾಕು. ವರ್ಷ ಹಳೆಯ ಅಕ್ಕಿಗೆ ಎರಡೂವರೆ ಬೇಕು. ಅಕ್ಕಿ ಬದಲಾಯಿಸಿದ ದಿನ ಹಳೆ ಅಳತೆಯಲ್ಲೇ ಇಟ್ಟು ಮುದ್ದೆಯಾದರೆ ಅದನ್ನು ಮೊಸರನ್ನಕ್ಕೆ ಕಲಸಿಬಿಡುವುದು, ರುಚಿಗೆ ಏನೂ ಕೊರತೆಯಿಲ್ಲ.

ಇವೆಲ್ಲದರ ಜೊತೆಗಿರಬೇಕಾದ ಶೇಂಗಾ ಹಿಂಡಿಗೆ (ಚಟ್ನಿಪುಡಿಗೆ) ಮಾತ್ರ ಒಂದು ಹನಿ ನೀರೂ ಸೋಕಬಾರದು. ಕಾಲು ಕಿಲೊ ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಸಿಪ್ಪೆ ಉಜ್ಜಿ ಕೇರಿ, 8 ಎಸಳು ಬೆಳ್ಳುಳ್ಳಿ, 3 ಚಮಚ ಕೆಂಪು ಖಾರ, ಒಂದು ಚಮಚ ಜೀರಿಗೆ, ಉಪ್ಪು ಕೂಡಿಸಿ ಒರಳಲ್ಲಿ ಕುಟ್ಟುವುದು ಒಳ್ಳೆಯದು. ಮಿಕ್ಸರ್ ಆದರೆ ಎರಡು ಸೆಕೆಂಡು ತಿರುವಿ ನಿಲ್ಲಿಸುತ್ತ ಹತ್ತು ಸಲ. ಒಂದೇ ಸಮ ಓಡಿಸಿದರೆ ಬ್ಲೇಡಿನ ಬಿಸಿಗೆ ಎಣ್ಣೆ ಬಿಟ್ಟು ಹಿಂಡಿ ಹೋಗಿ ಉಂಡಿಯಾಗುತ್ತದೆ. ಹಾಗಾದರೆ ಎರಡು ಚಮಚ ಪುಟಾಣಿ ಪುಡಿ ಕಲಸಿ ಬೆರಳಿಂದ ಉದುರಿಸಿ, ಪುಡಿ ಮತ್ತೆ ಬಿಡಿಯಾಗುತ್ತದೆ. ಗಾಜಿನ ಭರಣಿಗೆ ತುಂಬಿ, ಒಣ ಚಮಚ ಅದರಲ್ಲೇ ಇಟ್ಟುಬಿಡಿ, ತೋಯ್ದ ಚಮಚ ಯಾರೂ ಹಾಕುವುದಿಲ್ಲ.