ಕೊನೆಗೂ ಕರಿಯ ಹಗ್ಗ ಎಳೆದ

ನಾಯಿ ಇನ್ನೊಂದು ನಾಯಿಗೆ ಊಟ ಎಳೆದು ಕೊಡುತ್ತದೆ ಅಂದಾಗ ನಮ್ಮ ಭಾವ ನಕ್ಕಿದ್ದೇ ನಕ್ಕಿದ್ದು. "ಒಂದು ರೊಟ್ಟಿ ಚೂರಿಗೆ ಕಚ್ಚಾಡ್ತಾವ, ಅವು ಬಡಿಸ್ತಾವಾ?" ಮೊನ್ನೆ ಅವರನ್ನೇ ಜಾಲರಿ ಪಕ್ಕ ಕೂರಿಸಿ ತೋರಿಸಿದೆ.

ಬರ್ನ್ ವಿಶ್ವವಿದ್ಯಾಲಯದವರು ಸ್ವಿಸ್ ಸೇನೆಯ ನಾಯಿಗಳ ಮೇಲೆ ಮಾಡಿ 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಂದು ನಾಯಿ ಹಗ್ಗ ಎಳೆದರೆ ಹಲಗೆ ಜಾರಿ ಪಕ್ಕದ ಗೂಡಿನವನಿಗೆ ತಿಂಡಿ. ಎಳೆದವನಿಗೆ ಏನೂ ಇಲ್ಲ. ಅದನ್ನೇ ಮನೆಯಲ್ಲಿ ಮಾಡಿ ನೋಡಲು ನನ್ನ ಹತ್ತಿರ ಇದ್ದದ್ದು ಮುಧೋಳದ ಜೋಡಿ ರಾಜಿ, ಬಂಟ. ಜೊತೆಗೆ ಬೀದಿಯಿಂದ ಬಂದ ಕರಿಯ.

ಮೊದಲ ಹಲಗೆಗೆ ಚಕ್ರ ಹಾಕಿಸಿದೆ. ಸುಮಾರು 1,800 ರೂಪಾಯಿ, ನೀರಲ್ಲಿ ಹೋಮ. ಅದರ ಸದ್ದಿಗೆ ಮೂಲೆ ಸೇರಿದ ರಾಜಿ ಎರಡು ದಿನ ಹೊರಗೆ ಬರಲಿಲ್ಲ. ಆಮೇಲೆ ಡ್ರಾಯರಿಗೆ ಹಾಕುವ ಚಾನೆಲ್ ತಂದೆ, ಜೋಡಿಗೆ ಮುನ್ನೂರೈವತ್ತೋ ಏನೋ. ಸದ್ದೇ ಇಲ್ಲ. ಗ್ರೀಸ್ ಮಾತ್ರ ಹಚ್ಚಬೇಡಿ, ನೆಕ್ಕುತ್ತವೆ.

ಮೂರನೇ ವಾರಕ್ಕೆ ಕರಿಯ ಎಳೆಯತೊಡಗಿದ. ಓಣಿಗೆಲ್ಲ ಹೇಳಿಕೊಂಡು ಬಂದೆ. ಆಮೇಲೆ ಪಕ್ಕದ ಗೂಡು ಖಾಲಿ ಬಿಟ್ಟು ನೋಡಿದರೆ ಆಗಲೂ ಎಳೆಯುತ್ತಿದ್ದಾನೆ! ಅವನಿಗೆ ಹಗ್ಗ ಜಗ್ಗುವುದೇ ಆಟ. ಮಾನ ಹೋಯ್ತು, ಅಲ್ವಾ? ದಪ್ಪ ಹಗ್ಗ ತೆಗೆದು ಸಣ್ಣದು ಕಟ್ಟಿದೆ. ಅದಕ್ಕೊಂದು ವಸ್ತು ಸವರಿದೆ. ಏನು ಅಂತ ಹೇಳಲ್ಲ, ನಾಲ್ಕು ತಿಂಗಳ ಬೆವರು ಅದು. ಜಗ್ಗಾಟದ ಹುಚ್ಚು ಇಳಿಯಿತು.

ಈಗ ಲೆಕ್ಕ ಕೇಳಿ. ರಾಜಿ ಮೊದಲು ಕರಿಯನಿಗೆ ಎಳೆದು ಕೊಟ್ಟ ದಿನ, ಅವನು 20ರಲ್ಲಿ 14-15 ಸಲ ಅವಳಿಗೆ ಎಳೆದ. ಬಂಟ ಸೋಮಾರಿ, ಯಾರಿಗೂ ಎಳೆಯುವವನಲ್ಲ. ಅವನು ಎದುರಿಗಿದ್ದಾಗ ಕರಿಯ ಎಳೆದದ್ದು ಆರೋ ಏಳೋ. ಗೂಡು ಖಾಲಿ ಇದ್ದರೆ ಮೂರು ದಾಟಲಿಲ್ಲ. ಬರ್ನ್‌ನವರ ನಾಯಿಗಳು ಯಾರಿಂದಲೋ ಉಪಕಾರ ಪಡೆದು ಹೊಸ ನಾಯಿಗೂ ಎಳೆದವು. ಅದನ್ನೂ ನೋಡೋಣ ಅಂತ ಪಕ್ಕದ ತೋಟದ ನಾಯಿ ತಂದೆ. ಜಾಲರಿ ಕಿತ್ತುಬಂತು, ರಿಪೇರಿಗೆ 600.

ಸುಮ್ನೆ ಇನ್ನೊಂದು ಮಾಡಿದೆ. ಒಂದು ವಾರ ನಾನೇ ಹಗ್ಗ ಎಳೆದು ಕರಿಯನಿಗೆ ಲಿವರ್ ಕೊಟ್ಟೆ. ಆಮೇಲೆ ನಾನು ಗೂಡಲ್ಲಿ ಕೂತೆ, ಹಲಗೆ ಮೇಲೆ ಬಿಸ್ಕತ್ತು. ಬಾಲ ಅಲ್ಲಾಡಿಸಿದ, ಆಕಳಿಸಿದ, ಮಲಗಿದ. ನಾಯಿಗಳು ಮನುಷ್ಯರಿಗೆ ಊಟದ ಋಣ ತೀರಿಸಲಿಲ್ಲ ಅಂತ ವಿಯೆನ್ನಾದ ಸಂಶೋಧಕರೂ 2021ರಲ್ಲಿ ಬರೆದಿದ್ದಾರೆ. ಹಾಗಾಗಿ ಬೇಜಾರಿಲ್ಲ. ನನ್ನ ಹೆಂಡತಿ ಕೂತಾಗ ಮಾತ್ರ ಎರಡು ಸಲ ಎಳೆದ. ಅದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.