ಅಡಿಕೆ ತೋಟದ ಸೊಳ್ಳೆಗೆ ನಾನು ಮಾಡಿಕೊಳ್ಳುವ ಮುಲಾಮು

ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದ ಕಡೆಯ ತೋಟಗಳಲ್ಲಿ ಸೊಳ್ಳೆ ಕಚ್ಚಲು ಸಂಜೆಯೇ ಆಗಬೇಕೆಂದಿಲ್ಲ. ಮಳೆಗಾಲದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ಒಂದು ಲೋಟ ನೀರು ನಿಂತರೆ ಸಾಕು, ಕಾಲಿಗೆ ಬಿಳಿ ಪಟ್ಟೆಯಿರುವ ಈಡಿಸ್ ಜಾತಿಯ ಸೊಳ್ಳೆಗಳು ಅದರಲ್ಲೇ ಮೊಟ್ಟೆಯಿಟ್ಟು ಹಗಲು ಹೊತ್ತೇ ಮುತ್ತಿಕೊಳ್ಳುತ್ತವೆ. ಪರದೆ, ಕಾಯಿಲ್ ಎಲ್ಲ ಮನೆಯೊಳಗಿನ ಮಾತು. ಬಗ್ಗಿ ಕಳೆ ಕೀಳುವವರಿಗೆ ಮೈಗೆ ಹಚ್ಚಿಕೊಳ್ಳುವಂಥದ್ದೇ ಬೇಕು. ಅಂಗಡಿಯ ಕ್ರೀಮು ಬೆವರಿನ ಜೊತೆ ಕಣ್ಣಿಗಿಳಿದು ಉರಿಯುತ್ತಿತ್ತು. ಹಾಗಾಗಿ ಮನೆಯಲ್ಲೇ ಮಾಡಿಕೊಳ್ಳಲು ಶುರುಮಾಡಿದೆ.

ಯಾವ ಎಣ್ಣೆ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಪ್ರಕಾರ ತಲೆಕೆಡಿಸಿಕೊಳ್ಳಬೇಕಾದ್ದು ಅದಕ್ಕಲ್ಲ. ಸಿಟ್ರೊನೆಲ್ಲಾ (ನಿಂಬೆ ಘಮದ ಒಂದು ಹುಲ್ಲಿನ ಎಣ್ಣೆ), ಮಜ್ಜಿಗೆ ಹುಲ್ಲು (ಲೆಮನ್ ಗ್ರಾಸ್), ನೀಲಗಿರಿ, ಯಾವುದನ್ನೇ ಹಚ್ಚಿದರೂ ಮೊದಲಿಗೆ ಸೊಳ್ಳೆ ದೂರವೇ ಇರುತ್ತದೆ. ಆದರೆ ಇವೆಲ್ಲ ಹಾರಿಹೋಗುವ ಎಣ್ಣೆಗಳು. ಬಿಸಿಲಿಗೆ, ಮೈಯ ಕಾವಿಗೆ ಒಂದು ಗಂಟೆಯೊಳಗೆ ಘಮ ಇಳಿಯಿತು ಅಂದರೆ ಕೆಲಸವೂ ಮುಗಿದ ಹಾಗೆ. ಅದನ್ನು ಮೈಮೇಲೆ ಹಿಡಿದಿಡುವುದು ಹೇಗೆ ಅನ್ನುವುದೇ ಇದರಲ್ಲಿರುವ ಕಸುಬು.

ನೀರಿಗೆ ನಾಲ್ಕು ಹನಿ ಹಾಕಿ ಕುಲುಕಿ ಸ್ಪ್ರೇ ಮಾಡಿ ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನನಗದು ಒಪ್ಪಿಗೆಯಿಲ್ಲ. ಎಣ್ಣೆ ನೀರಿನಲ್ಲಿ ಕರಗದೆ ಮೇಲೆ ತೇಲುತ್ತದೆ. ಒಂದು ಸಲ ಬರೀ ನೀರು ಬರುತ್ತದೆ, ಇನ್ನೊಂದು ಸಲ ನೇರ ಎಣ್ಣೆಯೇ ಚರ್ಮಕ್ಕೆ ಬಿದ್ದು ಚುರುಗುಟ್ಟುತ್ತದೆ. ಸ್ಪಿರಿಟ್‌ನಲ್ಲಿ ಕರಗಿಸಿದರೆ ಬೆರೆಯುತ್ತದೆ ನಿಜ, ಆದರೆ ಸ್ಪಿರಿಟ್ ಜೊತೆಗೆ ಘಮವೂ ಬೇಗ ಹಾರುತ್ತದೆ.

ಹಾಗಾಗಿ ನನ್ನದು ಕೊಬ್ಬರಿ ಎಣ್ಣೆ ಮತ್ತು ಜೇನುಮೇಣದ ಮುಲಾಮು. 100 ಮಿಲಿ ಕೊಬ್ಬರಿ ಎಣ್ಣೆಗೆ 12 ಗ್ರಾಂ ಮೇಣ. ಕುದಿಯುವ ನೀರಿನ ತಪ್ಪಲೆಯೊಳಗೆ ಸ್ಟೀಲ್ ಲೋಟ ಇಟ್ಟು ಕರಗಿಸುತ್ತೇನೆ, ನೇರ ಬೆಂಕಿಗೆ ಇಡುವುದಿಲ್ಲ. ಮೇಣ ಪೂರ್ತಿ ಕರಗಿದ ಮೇಲೆ ಕೆಳಗಿಳಿಸಿ ಕಾಯಬೇಕು. ಲೋಟದ ಅಂಚಿನಲ್ಲಿ ಬಿಳಿ ಮಸುಕು ಕಟ್ಟತೊಡಗಿದಾಗ ಘಮದ ಎಣ್ಣೆ ಬೆರೆಸುವ ಹೊತ್ತು. ಅದಕ್ಕಿಂತ ಮುಂಚೆ ಸುರಿದರೆ ಅಡಿಗೆಮನೆಯೆಲ್ಲ ಘಮಘಮ, ಡಬ್ಬಿಯಲ್ಲಿ ಮಾತ್ರ ಏನೂ ಉಳಿದಿರುವುದಿಲ್ಲ. ಸಿಟ್ರೊನೆಲ್ಲಾ 2 ಮಿಲಿ, ಮಜ್ಜಿಗೆ ಹುಲ್ಲಿನ ಎಣ್ಣೆ ಅರ್ಧ ಮಿಲಿ. ಎರಡನೆಯದನ್ನು ಕಡಿಮೆ ಹಾಕುವುದಕ್ಕೆ ಕಾರಣ ಅದರಲ್ಲಿರುವ ಸಿಟ್ರಾಲ್, ಅದು ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಹನಿ ಲೆಕ್ಕ ನಂಬಬೇಡಿ, ಒಂದೊಂದು ಬಾಟಲಿಯ ಬಾಯಿ ಒಂದೊಂದು ಥರ. ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಅಳೆಯಿರಿ.

ಬೇವಿನೆಣ್ಣೆಯನ್ನೂ ಸೇರಿಸಿ ನೋಡಿದ್ದೇನೆ. ಅದು ಹಾರಿಹೋಗುವ ಜಾತಿಯಲ್ಲ, ಹಾಗಾಗಿ ತಾಳಿಕೆ ಚೆನ್ನಾಗಿದೆ. ಕೊಬ್ಬರಿ ಎಣ್ಣೆಗೆ ನೂರಕ್ಕೆ ಎರಡರಷ್ಟು ಬೇವಿನೆಣ್ಣೆ ಬೆರೆಸಿ ನಮ್ಮ ದೇಶದಲ್ಲೇ ಪರೀಕ್ಷೆಗಳು ನಡೆದಿವೆ. ಆದರೆ ವಾಸನೆ ಇದೆಯಲ್ಲ! ನಮ್ಮ ತೋಟಕ್ಕೆ ಬರುವಾತ ಒಂದು ಸಲ ಹಚ್ಚಿಕೊಂಡವನು, “ಹೆಗಡೇರೇ, ಸೊಳ್ಳೆ ಓಡೋಕೆ ಮುಂಚೆ ನಾನೇ ಓಡ್ತೀನಿ” ಅಂದ. ಈಗ ಬೇವು ನನ್ನ ಡಬ್ಬಿಗೆ ಮಾತ್ರ.

ಅವನ ಡಬ್ಬಿಗೆ ವೆನಿಲ್ಲಾ. ಇಪ್ಪತ್ತು ವರ್ಷದ ಹಿಂದೆ ವೆನಿಲ್ಲಾಕ್ಕೆ ಬಂಗಾರದ ಬೆಲೆ ಬಂದು ಮಲೆನಾಡಿನವರೆಲ್ಲ ಬಳ್ಳಿ ಹಬ್ಬಿಸಿದ್ದು, ಆಮೇಲೆ ದರ ನೆಲ ಕಚ್ಚಿದ್ದು ನೆನಪಿರಬಹುದು. ಆ ಕಾಲದ ಬಳ್ಳಿ ನಮ್ಮಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿದೆ. ವೆನಿಲ್ಲಾದ ಪರಿಮಳಕ್ಕೆ ಮುಖ್ಯ ಕಾರಣವಾದ ವೆನಿಲಿನ್ ಬಹಳ ನಿಧಾನ ಆರುವ ವಸ್ತು, ಸಿಟ್ರೊನೆಲ್ಲಾ ಜೊತೆಗಿದ್ದರೆ ಅದರ ಬಾಳಿಕೆಯನ್ನೂ ಹೆಚ್ಚಿಸುತ್ತದೆ. ಹದಮಾಡಿದ ಕಾಯಲ್ಲೂ ವೆನಿಲಿನ್ ನೂರಕ್ಕೆ ಎರಡರ ಆಸುಪಾಸು ಅಷ್ಟೇ. ಹಾಗಾಗಿ ಕಾಯನ್ನು ಎಣ್ಣೆಯಲ್ಲಿ ನೆನೆಹಾಕಿದರೆ ಪರಿಮಳ ಬರುತ್ತದೆ, ಅದಕ್ಕಿಂತ ಹೆಚ್ಚೇನೂ ಸಿಗುವುದಿಲ್ಲ. ಬೇಕರಿ ಸಾಮಾನಿನ ಅಂಗಡಿಯ ವೆನಿಲಿನ್ ಪುಡಿ ಒಂದು ಗ್ರಾಂ ಹಾಕಿದ ಮೇಲೆ ವ್ಯತ್ಯಾಸ ಕಂಡಿತು. ಮತ್ತೆ ಹಚ್ಚಿಕೊಳ್ಳುವ ಹೊತ್ತು ಸುಮಾರು ಅರ್ಧ ಗಂಟೆ ಮುಂದಕ್ಕೆ ಹೋಯಿತು. ಬೆವರು ಜಾಸ್ತಿಯಿದ್ದ ದಿನ ಅದೂ ಇಲ್ಲ.

ಘಮದ ಎಣ್ಣೆ ಕೊಳ್ಳುವಾಗ ಒಂದು ಹನಿಯನ್ನು ಬಿಳಿ ಕಾಗದಕ್ಕೆ ಬಿಟ್ಟು ಮರುದಿನ ನೋಡಿ. ಜಿಡ್ಡಿನ ಕಲೆ ಹಾಗೇ ಇದ್ದರೆ ಅಡುಗೆ ಎಣ್ಣೆ ಬೆರೆಸಿದ್ದಾರೆ ಎಂದೇ ಅನುಮಾನ ಪಡಬೇಕು. ಇನ್ನು ನೀಲಗಿರಿ ವಿಷಯ: ವಿದೇಶದವರು ಸೊಳ್ಳೆಗೆ ಹೇಳುವುದು ನಿಂಬೆ ವಾಸನೆಯ ಬೇರೆ ಜಾತಿಯ ನೀಲಗಿರಿಯಿಂದ ತಯಾರಾದದ್ದನ್ನು, ಊಟಿಯಿಂದ ತರುವ ನೆಗಡಿಯ ಎಣ್ಣೆಯನ್ನಲ್ಲ.

ಹೊಸದಾಗಿ ಹಚ್ಚುವವರು ಮೊಣಕೈ ಒಳಭಾಗಕ್ಕೆ ಚೂರು ಸವರಿ ಒಂದು ದಿನ ಬಿಡಿ. ಪುಟ್ಟ ಮಕ್ಕಳಿಗೆ ನಾನು ಇದನ್ನು ಕೊಡುವುದೇ ಇಲ್ಲ, ಅವರಿಗೆ ಉದ್ದ ತೋಳಿನ ಅಂಗಿ, ತೊಟ್ಟಿಲಿಗೆ ಪರದೆ. ಕರ್ಪೂರ, ನೀಲಗಿರಿ ಎಣ್ಣೆ ಮಗುವಿನ ಬಾಯಿಗೆ ಹೋದರೆ ಫಿಟ್ಸ್ ಬರುವಷ್ಟು ಅಪಾಯ.

ಊರಲ್ಲಿ ಡೆಂಗಿ ಇದೆ ಎಂದಾದರೆ ನಾನೂ ಡಬ್ಬಿ ಬದಿಗಿಟ್ಟು ಅಂಗಡಿಯ ಕ್ರೀಮನ್ನೇ ಹಚ್ಚುತ್ತೇನೆ, ಕಣ್ಣುರಿದರೂ ಸರಿ. ಮಂಗನ ಕಾಯಿಲೆಯ ಕಾಲದಲ್ಲಿ ಸೊಪ್ಪಿಗೆ, ದರಗಿಗೆ (ಉದುರಿದ ಒಣ ಎಲೆಗೆ) ಕಾಡಿಗೆ ಹೋಗುವವರಂತೂ ಇದನ್ನು ನಂಬಲೇಬಾರದು. 1957ರಲ್ಲಿ ಆ ಕಾಯಿಲೆ ಮೊದಲು ಗುರುತಿಸಿದ್ದು ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲೇ. ಅದನ್ನು ಹರಡುವ ಉಣುಗಿಗೆ ಆರೋಗ್ಯ ಇಲಾಖೆ ಕೊಡುವ ಎಣ್ಣೆಯೇ ಆಗಬೇಕು. ಉಂಬಳಕ್ಕೂ (ಜಿಗಣೆಗೂ) ನನ್ನ ಮುಲಾಮು ನಾಟುವುದಿಲ್ಲ, ಅದಕ್ಕೆ ಹಿಂದಿನಿಂದ ಬಂದ ಸುಣ್ಣ, ಹೊಗೆಸೊಪ್ಪೇ ಸರಿ. ವಾರಕ್ಕೊಮ್ಮೆ ತೋಟ ಸುತ್ತಿ ಹಾಳೆಗಳನ್ನು ಬೋರಲು ಹಾಕುವ ಕೆಲಸವಂತೂ ಯಾವ ಮುಲಾಮು ಬಂದರೂ ತಪ್ಪಿದ್ದಲ್ಲ.