ಹಳೆ ಲ್ಯಾಪ್‌ಟಾಪ್ ಸೆಲ್‌ಗಳಿಂದ ಪವರ್ ಬ್ಯಾಂಕ್: ಸರ್ಕ್ಯೂಟ್ ಸುಲಭ, ಸೆಲ್ ಆರಿಸುವುದೇ ಕೆಲಸ

ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಯಿತೆಂದರೆ ಕಲಬುರಗಿಯಲ್ಲಿ ಒಳಗೆ ಕೂಡುವುದೂ ಕಷ್ಟ, ಹೊರಗೆ ಹೋಗುವುದೂ ಕಷ್ಟ. ಒಂದು ಯುಎಸ್‌ಬಿ ಫ್ಯಾನು, ಒಂದು ಎಲ್‌ಇಡಿ ದೀಪ ನಡೆಸುವಷ್ಟು ಬ್ಯಾಟರಿ ಇದ್ದರೆ ಆ ಎರಡು ತಾಸು ಹೇಗೋ ಕಳೆಯುತ್ತದೆ. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು, ಮಾಡುವವರೂ ಬಹಳ ಮಂದಿ. ಡಿಪ್ಲೊಮಾ, ಬಿಇ ಹುಡುಗರ ಪ್ರಾಜೆಕ್ಟ್ ಕಾಲ ಬಂದರಂತೂ ಕೇಳುವುದೇ ಬೇಡ. ಆದರೆ ಅವರು ಸರ್ಕ್ಯೂಟ್ ಬಗ್ಗೆ ದಿನಗಟ್ಟಲೆ ತಲೆ ಕೆಡಿಸಿಕೊಂಡು, ಸೆಲ್ ಮಾತ್ರ ಕೈಗೆ ಸಿಕ್ಕಿದ್ದನ್ನು ಹಾಕುತ್ತಾರೆ. ಆಗಬೇಕಾದದ್ದು ಇದರ ತಿರುವುಮುರುವು.

ಬೇಕಾದ ಸಾಮಾನು: 18650 ಲಿಥಿಯಂ ಸೆಲ್ ಎರಡು, ಸೆಲ್ ಖಾಲಿಯಾದಾಗ ತಾನೇ ಕಡಿದು ಹಾಕುವ ರಕ್ಷಣೆ ಇರುವ ಟಿಪಿ 4056 ಚಾರ್ಜಿಂಗ್ ಬೋರ್ಡ್, 5 ವೋಲ್ಟ್‌ಗೆ ಏರಿಸುವ ಬೂಸ್ಟ್ ಬೋರ್ಡ್, 3 ಆಂಪ್ಸ್ ಫ್ಯೂಸ್, ಯುಎಸ್‌ಬಿ ಸಾಕೆಟ್, ಒಂದು ಸ್ವಿಚ್, ಸ್ವಲ್ಪ ದಪ್ಪ ವೈರು, ಸೆಲ್ ಹೋಲ್ಡರ್, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್. ಮೀಟರ್ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು. ಇದ್ದವರು ಅದರೊಳಗಿನ 9 ವೋಲ್ಟ್ ಬ್ಯಾಟರಿ ಮೊದಲು ಬದಲಾಯಿಸಿ. ಅಗ್ಗದ ಹಳದಿ ಮೀಟರ್‌ಗಳು ತಮ್ಮ ಬ್ಯಾಟರಿ ಇಳಿದಾಗ ಓದನ್ನು ಜಾಸ್ತಿ ತೋರಿಸುತ್ತವೆ. 3.9 ವೋಲ್ಟ್ ಇದ್ದದ್ದನ್ನು 4.2 ಎಂದು ನಂಬಿ ಕೂತರೆ ಮುಂದಿನ ಲೆಕ್ಕವೆಲ್ಲ ಹಾಳು.

ಸೆಲ್ ಆರಿಸುವುದು

18650 ಎಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಸೆಲ್. ಸರಾಸರಿ ವೋಲ್ಟೇಜ್ 3.7, ತುಂಬಿದಾಗ 4.2. ಸಾಮರ್ಥ್ಯ ಸಾಮಾನ್ಯವಾಗಿ 2000ದಿಂದ 3500 ಎಂಎಎಚ್ (ಮಿಲಿಆಂಪ್-ಅವರ್, ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಒಳಗೆ. ಟಾರ್ಚ್ ಜೊತೆ ಬರುವ ಬಣ್ಣದ ಸೆಲ್ ಮೇಲೆ 9900 ಎಂದು ಅಚ್ಚಾಗಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. "ಸರ್, ಮ್ಯಾಲ ಬರ್ದದಲ್ರೀ!" ಎಂದು ವಾದ ಮಾಡುವವರಿಗೆ ನನ್ನದೊಂದೇ ಉತ್ತರ: ತಕ್ಕಡಿಗೆ ಹಾಕಿ ನೋಡ್ರಿ. ಒಳ್ಳೆಯ ಸೆಲ್ 45 ಗ್ರಾಂ ಆಚೀಚೆ ತೂಗುತ್ತದೆ. 30 ಗ್ರಾಂ ತೂಗಿದರೆ ಅದರೊಳಗೆ ಏನಿದೆಯೋ, ಅಷ್ಟು ಬ್ಯಾಟರಿಯಂತೂ ಇಲ್ಲ. ಹೊಸದನ್ನೇ ಕೊಳ್ಳುವುದಾದರೆ ಐಎಸ್ 16046 (ಬ್ಯಾಟರಿ ಸುರಕ್ಷತೆಯ ಭಾರತೀಯ ಮಾನಕ) ಗುರುತು ಇರುವುದನ್ನೇ ಕೊಳ್ಳಿ. ಹಾಗಂತ ಗುರುತು ನೋಡಿ ಮೀಟರ್ ಬದಿಗಿಡಬೇಡಿ.

ಹಳೆ ಲ್ಯಾಪ್‌ಟಾಪ್ ಬ್ಯಾಟರಿ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ರಿಪೇರಿ ಅಂಗಡಿಗಳಲ್ಲಿ ಕೇಳಿದರೆ ಸಿಗಬಹುದು. ಆರು ಸೆಲ್ ಪ್ಯಾಕ್‌ನಲ್ಲಿ ಸತ್ತದ್ದು ಎಷ್ಟೋ ಸಲ ಒಂದೋ ಎರಡೋ ಮಾತ್ರ. ಪ್ಯಾಕನ್ನು ಸ್ಕ್ರೂಡ್ರೈವರ್ ಹೊಡೆದು ಒಡೆಯಬೇಡಿ. ಪ್ಲಾಸ್ಟಿಕ್ ಜೋಡಣೆಯ ಗೆರೆ ಹಿಡಿದು ನಿಧಾನ ಬಿಡಿಸಿ. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಡಿ. ನಿಕ್ಕಲ್ ಪಟ್ಟಿಗಳನ್ನು ಒಂದೊಂದೇ ಕತ್ತರಿಸಿ, ಕತ್ತರಿಸಿದ ತುದಿಗೆ ಕೂಡಲೇ ಟೇಪು ಸುತ್ತಿ. ಸೆಲ್‌ನ ಮೈಯೆಲ್ಲ ಮೈನಸ್. ಮೇಲಿನ ಪ್ಲಸ್ ಗುಂಡಿಗೂ ಅದಕ್ಕೂ ನಡುವೆ ಇರುವುದು ಸಣ್ಣದೊಂದು ರಿಂಗು, ತೆಳು ಪ್ಲಾಸ್ಟಿಕ್ ಹೊದಿಕೆ, ಅಷ್ಟೆ. ಹೊದಿಕೆ ಹರಿದಿದ್ದರೆ ಹೊಸ ಶ್ರಿಂಕ್ ಟ್ಯೂಬ್ (ಬಿಸಿ ತಾಗಿದರೆ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕದೆ ಬಳಸಬೇಡಿ. ತುಕ್ಕು, ತಗ್ಗು, ಸಿಹಿ ವಾಸನೆ ಇದ್ದ ಸೆಲ್ ನೇರ ಹೊರಗೆ.

ಉಳಿದವನ್ನು ಮೀಟರ್‌ನಲ್ಲಿ ನೋಡಿ. 2 ವೋಲ್ಟ್‌ಗಿಂತ ಕೆಳಗಿದ್ದರೆ ಸತ್ತಂತೆ. ಅದಕ್ಕೆ ಬೇರೆ ಬ್ಯಾಟರಿಯಿಂದ 'ಶಾಕ್' ಕೊಟ್ಟು ಎಬ್ಬಿಸುವ ವಿಡಿಯೊಗಳಿವೆ, ಅವನ್ನು ನೋಡಿ ಮರೆತುಬಿಡಿ. ಅಷ್ಟು ಕೆಳಗಿಳಿದ ಸೆಲ್‌ನೊಳಗೆ ತಾಮ್ರ ಕರಗಿ, ಚಾರ್ಜ್ ಮಾಡುವಾಗ ಮತ್ತೆ ಬೇರೆಡೆ ಕೂತು, ಒಳಗೊಳಗೇ ಶಾರ್ಟ್ ಆಗುವ ಅಪಾಯ ಇದೆ. 2ರಿಂದ 2.5 ನಡುವಿನದನ್ನೂ ನಾನಂತೂ ಇಟ್ಟುಕೊಳ್ಳುವುದಿಲ್ಲ. 2.5ಕ್ಕಿಂತ ಮೇಲಿನವನ್ನು ಒಂದೊಂದಾಗಿ ಟಿಪಿ 4056 ಬೋರ್ಡ್‌ನಿಂದ ತುಂಬಿಸಿ. ಕೆಂಪು ದೀಪ ಹೋಗಿ ನೀಲಿ ಬಂದರೆ ತುಂಬಿತು. ಕೆಲವು ಬೋರ್ಡ್‌ಗಳಲ್ಲಿ ಹಸಿರು. ಆಗಾಗ ಸೆಲ್ ಮುಟ್ಟಿ ನೋಡಿ. ಉಗುರು ಬೆಚ್ಚಗಾದರೆ ಪರವಾಗಿಲ್ಲ, ಕೈ ಹಿಂದೆ ಎಳೆಯುವಷ್ಟು ಬಿಸಿಯಾದರೆ ಅದು ಬೇಡ.

ಇನ್ನು ಎಲ್ಲರೂ ಬಿಟ್ಟುಬಿಡುವ ಭಾಗ. ತುಂಬಿದ ಸೆಲ್ ಮೇಲೆ ದಿನಾಂಕ, ವೋಲ್ಟೇಜ್ ಬರೆದು ಒಂದು ವಾರ ಸುಮ್ಮನೆ ಇಡಿ. ವಾರ ಕಳೆದು 4.1 ಮೇಲೆ ನಿಂತಿದ್ದರೆ ಗಟ್ಟಿ. 4.0 ಆಸುಪಾಸಿಗೆ ಇಳಿದಿದ್ದರೆ ಒಂಟಿ ಸೆಲ್ ಟಾರ್ಚ್‌ಗೆ ಹಾಕಿಕೊಳ್ಳಿ, ಇನ್ನೊಂದರ ಜೊತೆ ಕಟ್ಟಬೇಡಿ. ಅದಕ್ಕೂ ಕೆಳಗೆ ಹೋಗಿದ್ದರೆ ತಾನಾಗಿಯೇ ಸೋರುತ್ತಿದೆ ಎಂದರ್ಥ. ಅಂಥದ್ದು ಪ್ಯಾಕ್‌ನಲ್ಲಿದ್ದರೆ ಜೊತೆಯ ಒಳ್ಳೆಯ ಸೆಲ್ ಹಗಲೂ ರಾತ್ರಿ ಅದಕ್ಕೆ ಉಣಿಸುತ್ತಲೇ ಇರಬೇಕು, ಮೈಗಳ್ಳ ಅಳಿಯನನ್ನು ಸಾಕಿದ ಹಾಗೆ. ಪ್ರಾಜೆಕ್ಟ್ ನಾಳೆ ಕೊಡಬೇಕು, ವಾರ ಎಲ್ಲಿಂದ ತರಲಿ ಎನ್ನುವವರು ಒಂದೇ ಸೆಲ್ ಹಾಕಿ ಕೊಡಲಿ.

ಎರಡನ್ನು ಕೂಡಿಸುವುದು

ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಟಾರ್ಚ್‌ನಲ್ಲಿ ಹಾಕಿದಂತೆ ಒಂದರ ಹಿಂದೊಂದು ಇಟ್ಟರೆ ತುಂಬಿದ ಜೋಡಿಗೆ 8.4 ವೋಲ್ಟ್ ಬರುತ್ತದೆ, ಟಿಪಿ 4056 ಅಲ್ಲೇ ಸುಟ್ಟು ಹೋಗುತ್ತದೆ.

ಕೂಡಿಸುವ ಮೊದಲು ಎರಡರ ವೋಲ್ಟೇಜ್ ಒಂದೇ ಇರಬೇಕು, ವ್ಯತ್ಯಾಸ 0.05 ದಾಟಬಾರದು. ಯಾಕೆಂದರೆ ಈ ಸೆಲ್‌ಗಳ ಒಳ ರೋಧ ಬಹಳ ಕಡಿಮೆ. ಒಂದೊಂದರದು 50 ಮಿಲಿಓಮ್ ಎಂದು ಹಿಡಿದರೆ, 0.1 ವೋಲ್ಟ್ ವ್ಯತ್ಯಾಸಕ್ಕೆ ಕೂಡಿಸಿದ ಕ್ಷಣವೇ 1 ಆಂಪ್ಸ್ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ತುಂಬಿದ್ದು ಒಂದು, ಖಾಲಿ ಒಂದು ಕೂಡಿಸಿದರೆ 10 ಆಂಪ್ಸ್. ಚಾರ್ಜರ್ ಕೊಡುವುದೇ 1 ಆಂಪ್ಸ್ ಎಂಬುದು ನೆನಪಿರಲಿ. ಎರಡನ್ನೂ ಪೂರ್ತಿ ತುಂಬಿಸಿ, ಒಂದೆರಡು ತಾಸು ಬಿಟ್ಟು, ಅಳೆದು, ಆಮೇಲೆ ಕೂಡಿಸುವುದು ಸರಳ ದಾರಿ. ಒಂದೇ ಪ್ಯಾಕ್‌ನಿಂದ ಬಂದ, ಒಂದೇ ನಂಬರಿನ ಜೋಡಿಯಾದರೆ ಇನ್ನೂ ಉತ್ತಮ.

ಸೆಲ್‌ನ ತಲೆಗೆ ನೇರ ಸೋಲ್ಡರ್ ಇಡಬೇಡಿ. ಆ ಬಿಸಿ ಒಳಗಿನ ತೆಳು ಪದರಕ್ಕೂ ಸೀಲ್‌ಗೂ ಪೆಟ್ಟು ಕೊಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಲ್ಯಾಪ್‌ಟಾಪ್ ಸೆಲ್‌ಗಳಲ್ಲಿ ಕತ್ತರಿಸಿ ಉಳಿದ ನಿಕ್ಕಲ್ ಪಟ್ಟಿಯ ಚೂರು ಇರುತ್ತದಲ್ಲ, ಅದನ್ನು ಕಿತ್ತು ಹಾಕದೆ ಮೇಲಕ್ಕೆ ಬಾಗಿಸಿ ಅದರ ತುದಿಗೆ ಬೆಸುಗೆ ಹಾಕಿ. ಇಲ್ಲವೇ ಹೋಲ್ಡರ್. ಸ್ಪಾಟ್ ವೆಲ್ಡಿಂಗ್ ಯಂತ್ರ ಇದ್ದವರಿಗೆ ಈ ಲೇಖನ ಬೇಕಿಲ್ಲ. ಪ್ಲಸ್ ವೈರಿನಲ್ಲಿ, ಸೆಲ್‌ಗೆ ಆದಷ್ಟು ಹತ್ತಿರ, ಫ್ಯೂಸ್.

ಬೋರ್ಡ್‌ಗಳು

ಟಿಪಿ 4056 ಎರಡು ಬಗೆ. ವೈರು ಹಚ್ಚುವ ಜಾಗಗಳಲ್ಲಿ ಬಿ ಪ್ಲಸ್, ಬಿ ಮೈನಸ್ ಜೊತೆಗೆ ಔಟ್ ಪ್ಲಸ್, ಔಟ್ ಮೈನಸ್ ಎಂದು ಕೂಡ ಬರೆದಿರುವುದನ್ನೇ ಕೊಳ್ಳಿ. ಇನ್ನೊಂದು ಬಗೆಗೆ ರಕ್ಷಣೆ ಇಲ್ಲ. ಸೆಲ್ ಬಿ ಕಡೆಗೆ, ಬೂಸ್ಟ್ ಬೋರ್ಡ್ ಔಟ್ ಕಡೆಗೆ. ಬೂಸ್ಟ್ ವೈರನ್ನೂ ಬಿ ಕಡೆಗೇ ಹಚ್ಚಿದರೆ ಎಲ್ಲವೂ ಚೆಂದ ನಡೆಯುತ್ತದೆ, ಅದೇ ತೊಂದರೆ. ಸೆಲ್ ಖಾಲಿಯಾದಾಗ ಕಡಿದು ಹಾಕುವವರು ಯಾರೂ ಇರುವುದಿಲ್ಲ, ಒಂದು ರಾತ್ರಿ ಫ್ಯಾನ್ ಬಿಟ್ಟು ಮಲಗಿದರೆ ಬೆಳಿಗ್ಗೆ ಸೆಲ್ ಸತ್ತಿರುತ್ತದೆ. ಎಲ್ಲ ಸರಿ ಹಚ್ಚಿದರೂ ಔಟ್‌ನಲ್ಲಿ ಸೊನ್ನೆ ತೋರಿಸಿದರೆ ಗಾಬರಿ ಬೇಡ, ಒಮ್ಮೆ ಚಾರ್ಜರ್ ಚುಚ್ಚಿ ತೆಗೆದರೆ ಎಚ್ಚರಾಗುತ್ತದೆ. ಚಾರ್ಜ್ ಆಗುವಾಗ ಬೋರ್ಡ್ ಚುರುಗುಟ್ಟುವಷ್ಟು ಬಿಸಿಯಾಗುವುದು ಸಹಜ, ಆದ್ದರಿಂದ ಅದನ್ನು ಡಬಲ್ ಟೇಪಿನಿಂದ ಸೆಲ್ ಬೆನ್ನಿಗೆ ಅಂಟಿಸಬೇಡಿ.

ಬೂಸ್ಟ್‌ಗೆ ಎಂಟಿ 3608 ಬೋರ್ಡ್ ಹಾಕುವವರು ಫೋನ್ ಚುಚ್ಚುವ ಮೊದಲು ವೋಲ್ಟೇಜ್ ಅಳೆಯಲೇಬೇಕು. ಅದು 28 ವೋಲ್ಟ್‌ವರೆಗೂ ಕೊಡಬಲ್ಲದು, ಅಂಗಡಿಯಿಂದ ಬಂದಾಗ ಎಷ್ಟಕ್ಕೆ ಇಟ್ಟಿರುತ್ತಾರೋ ಗೊತ್ತಿಲ್ಲ. ಬೋರ್ಡ್ ಮೇಲಿನ ಪುಟ್ಟ ನೀಲಿ ಪೆಟ್ಟಿಗೆಯ ಹಿತ್ತಾಳೆ ಸ್ಕ್ರೂವನ್ನು ಎಡಕ್ಕೆ ತಿರುಗಿಸಿ. ಮೊದಲ ಹತ್ತು ಹದಿನೈದು ಸುತ್ತಿಗೆ ಏನೂ ಬದಲಾಗದಿರಬಹುದು, ಬೋರ್ಡ್ ಕೆಟ್ಟಿದೆ ಎಂದು ಎಸೆಯುವವರು ಇಲ್ಲೇ ಎಸೆಯುತ್ತಾರೆ. ತಿರುಗಿಸುತ್ತ ಹೋಗಿ, 5.1ಕ್ಕೆ ನಿಲ್ಲಿಸಿ, ಸ್ಕ್ರೂ ಮೇಲೆ ನೇಲ್ ಪಾಲಿಶ್ ಒಂದು ಹನಿ ಹಾಕಿ. 1 ಆಂಪ್ಸ್‌ಗಿಂತ ಹೆಚ್ಚು ಅದರಿಂದ ಕೇಳಬೇಡಿ. ಸಾಕೆಟ್‌ನ ನಡುವಿನ ಎರಡು ಡೇಟಾ ಪಿನ್‌ಗಳನ್ನು ಪರಸ್ಪರ ಕೂಡಿಸಿಬಿಡಿ, ಇಲ್ಲದಿದ್ದರೆ ಅನೇಕ ಫೋನ್‌ಗಳು ಆಮೆಗತಿಯಲ್ಲೇ ಚಾರ್ಜ್ ಆಗುತ್ತವೆ. ಬ್ರೆಡ್‌ಬೋರ್ಡ್‌ನ ಕೂದಲೆಳೆ ವೈರು ಇಲ್ಲಿ ನಡೆಯುವುದಿಲ್ಲ. ಬೂಸ್ಟ್‌ಗೆ ಹೋಗುವ ವೈರಿಗೆ ಸ್ವಿಚ್ ಹಾಕಿ, ಚಾರ್ಜ್ ಮಾಡುವಾಗ ಅದು ಆಫ್ ಇರಲಿ. ಲೋಡ್ ಎಳೆಯುತ್ತಿದ್ದರೆ ಸೆಲ್ ತುಂಬಿದ್ದು ಚಾರ್ಜರ್‌ಗೆ ತಿಳಿಯುವುದಿಲ್ಲ.

ಚಾರ್ಜಿಂಗ್, ರಕ್ಷಣೆ, ಬೂಸ್ಟ್ ಎಲ್ಲವೂ ಒಂದರಲ್ಲೇ ಇರುವ ಐಪಿ 5306 ಬೋರ್ಡ್ ಕೂಡ ಸಿಗುತ್ತದೆ. ಫೋನ್ ಮಾತ್ರ ಚಾರ್ಜ್ ಮಾಡುವವರಿಗೆ ಅದೇ ಸಾಕು. ಚಿಕ್ಕ ದೀಪಕ್ಕೆ ಬೇಡ: ಎಳೆತ 50 ಮಿಲಿಆಂಪ್ಸ್ ಒಳಗಿದ್ದರೆ ಅರ್ಧ ನಿಮಿಷದಲ್ಲಿ ತಾನೇ ಆಫ್ ಆಗುತ್ತದೆ.

ಡಬ್ಬಿ, ಲೆಕ್ಕ, ಬಿಸಿಲು

ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಗಾಳಿಗೆ ನಾಲ್ಕು ತೂತು, ಸೆಲ್ ಅಲುಗದಂತೆ ಕಟ್ಟು. ಸ್ಟೀಲ್ ಟಿಫಿನ್ ಡಬ್ಬಿ ಬೇಡ.

2600ರ ಎರಡು ಸೆಲ್ ಎಂದರೆ 5200 ಎಂಎಎಚ್, ಆದರೆ ಅದು 3.7 ವೋಲ್ಟ್‌ನಲ್ಲಿ. ಅಂದರೆ ಸುಮಾರು 19 ವ್ಯಾಟ್-ಅವರ್. ಬೂಸ್ಟ್‌ನಲ್ಲಿ ಶೇ 15 ಹೋದರೆ ಉಳಿದದ್ದು 16. 5 ವ್ಯಾಟ್ ಫ್ಯಾನು ಮೂರು ತಾಸು, 1 ವ್ಯಾಟ್ ದೀಪ ಇಡೀ ರಾತ್ರಿ. ಹಳೆ ಸೆಲ್ ಆದರೆ ಇದರಲ್ಲಿ ಇನ್ನಷ್ಟು ಕಳೆಯಿರಿ. ಮತ್ತೆ ತುಂಬಲು ಆರು ತಾಸು ಬೇಕು. ವೈಫೈ ರೂಟರ್ ನಡೆಸಬಹುದೇ ಎಂದು ಕೇಳುವವರು ಮೊದಲು ಅದರ ಅಡಾಪ್ಟರ್ ಓದಿ, ಬಹಳಷ್ಟು 12 ವೋಲ್ಟ್‌ನವು.

ಈ ಸೆಲ್‌ಗಳನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ನೆರಳಲ್ಲೇ 42 ದಾಟುತ್ತದೆ, ತಗಡಿನ ಶೆಡ್ಡಿನೊಳಗೆ ಅದಕ್ಕೂ ಹೆಚ್ಚು. ಹಾಗಾಗಿ ನಸುಕಿನಲ್ಲಿ ಚಾರ್ಜಿಗೆ ಹಚ್ಚಿ, ಶಹಾಬಾದ್ ಫರ್ಸಿಯ (ಕಲ್ಲಿನ ನೆಲದ) ಮೇಲೆ ಇಟ್ಟು. ಗಾದಿ, ದಿಂಬು, ಸೋಫಾದ ಮೇಲೆ ಎಂದಿಗೂ ಬೇಡ. ಬೈಕಿನ ಡಿಕ್ಕಿಯಲ್ಲಿ, ಆಟೋದ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಮಳೆಗಾಲದಲ್ಲಿ ಬಳಸದೆ ಇಡುವುದಾದರೆ ಅರ್ಧ ಚಾರ್ಜ್‌ನಲ್ಲಿಡಿ.

ತೆಗೆದು ಹಾಕಿದ ಸೆಲ್‌ಗಳ ಎರಡೂ ತುದಿಗೆ ಟೇಪು ಹಚ್ಚಿ ಬೇರೆ ಡಬ್ಬಿಯಲ್ಲಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೂ ಮನೆಯ ಕಸದಿಂದ ಬೇರೆ ಇಡಬೇಕೆಂದೇ ಹೇಳುತ್ತವೆ. ಪಾಲಿಕೆಯ ಕಸದ ಗಾಡಿಗೆ ಹಾಕಿದರೆ, ಒಳಗೆ ಒತ್ತಿ ಜಜ್ಜಿದಾಗ ಬೆಂಕಿ ಹತ್ತುವುದು ಆ ಗಾಡಿಯವರ ಪಾಲಿಗೆ.